ಮಾವನವರ ಹಮ್ಮಿಂಗ್

ಮಂಜು ಸೌಂಡ್ಸ್,
ಮಳವಳ್ಳಿ
19 ಮೇ 2025, ಸೋಮವಾರ

ಮಂಜುಶ್ರೀಗೆ,

ಕೆಂಪರಾಜು ಮಾಡುವ ನಮಸ್ಕಾರ. ಗಂಡನಾದವನು ಹೆಂಡತಿಗೆ ನಮಸ್ಕಾರ ಬರೆಯುವುದುಂಟಾ ಅಂತ ನಗಬೇಡ. ‘ಪ್ರೀತಿಯ’ ಅಂತ ಶುರು ಮಾಡಿ ಒಂದು ಹಾಳೆ ಹರಿದೆ, ‘ನನ್ನ’ ಅಂತ ಶುರು ಮಾಡಿ ಇನ್ನೊಂದು ಹರಿದೆ. ಆ ಎರಡು ಮಾತಿಗೂ ಈಗ ನಿನ್ನ ಒಪ್ಪಿಗೆ ಬೇಕು. ನಮಸ್ಕಾರಕ್ಕೆ ಯಾರ ಒಪ್ಪಿಗೆಯೂ ಬೇಡ, ಹಾಗಾಗಿ ಅದರಿಂದಲೇ ಶುರು ಮಾಡಿದ್ದೇನೆ.

ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಸಂಕ್ರಾಂತಿಯ ಮಾರನೇ ದಿನ, ನೀನು ಪವರ್ ಹೌಸಿನ ಊರಾದ ಬ್ಲಫ್‌ನಲ್ಲಿ ನಿಮ್ಮಪ್ಪನ ಮನೆಯಲ್ಲೇ ಉಳಿದು ನನ್ನೊಬ್ಬನನ್ನೇ ವ್ಯಾನು ಹತ್ತಿಸಿದೆ. ಆಗ ಗೇಟು ಹಿಡಿದುಕೊಂಡು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. ಅಪ್ಪ ಏನು ಬಾರಿಸ್ತಾರೆ ಅಂತ ನಿಮ್ಮ ಕಿವಿಗೆ ಯಾವತ್ತು ಬೀಳ್ತದೋ ಅವತ್ತು ಒಂದು ಕಾಗದ ಬರೀರಿ, ಅಲ್ಲೀಗಂಟ ನಾನು ಬರಾಕಿಲ್ಲ, ಫೋನ್ ಮಾತ್ರ ಮಾಡಬ್ಯಾಡಿ, ಫೋನಲ್ಲಿ ನೀವು ಮಾತಲ್ಲೇ ಗೆದ್ದು ಬುಡ್ತೀರಿ, ಅಂದೆ. ಆದರೂ ನಾನು ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಒಳ್ಳೆಯದೇ ಆಯಿತು, ಎತ್ತಿದ್ದರೆ ಗೆದ್ದೇ ಬಿಡುತ್ತಿದ್ದೆ.

ಕೇಳಿಸಿತು ಮಂಜು. ಮೊನ್ನೆ ಶನಿವಾರ ಸಂಜೆ, ಮಂಡ್ಯದ ಸಭಾಭವನದಲ್ಲಿ ಕೇಳಿಸಿತು. ನಾನು ಅಲ್ಲಿದ್ದೆ.

ಕಾರ್ಯಕ್ರಮ ಇದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಬೇಡ, ಪೇಪರಿನಲ್ಲಿ ಬಂದಿತ್ತು ಅಂತ ಇಟ್ಟುಕೋ. ಎಲ್ಲಿದ್ದೆ ಅಂತಲೂ ಕೇಳಬೇಡ. ಹಿಂದೆ, ಬಾಲ್ಕನಿಯ ಕೆಳಗಿನ ಕತ್ತಲಲ್ಲಿ, ಸೌಂಡ್ ಬೋರ್ಡಿನ ಹತ್ತಿರ ಇದ್ದೆ ಅಂದರೆ ಸಾಕು. ಅಲ್ಲಿಂದ ವೇದಿಕೆಯ ಎಡಗಡೆ ನಿಂತಿದ್ದ ನೀನು ಚೆನ್ನಾಗಿ ಕಾಣುತ್ತಿದ್ದೆ. ಸಣ್ಣಗಾಗಿದ್ದೀಯ. ಬೂದು ಬಣ್ಣದ ಆ ಸೀರೆ ನಾನು ತಂದದ್ದಲ್ಲ, ಆದರೂ ಒಪ್ಪುತ್ತಿತ್ತು. ಇಲ್ಲಿ ನನ್ನ ಮುದ್ದೆ ಗಂಟುಗಂಟಾಗುವುದು ಇನ್ನೂ ನಿಂತಿಲ್ಲ, ಅದನ್ನೂ ಈ ಕಾಗದದಲ್ಲೇ ತಿಳಿಸಿಬಿಡುತ್ತೇನೆ.

ಸಂಗೀತದ ವಿಷಯಕ್ಕೆ ಬರುವ ಮುಂಚೆ ಹಳೆಯದೊಂದನ್ನು ಬರೆಯಬೇಕು. ನಿನಗೆ ಗೊತ್ತಿರುವುದೇ. ಆದರೆ ನನ್ನ ಬಾಯಿಂದ ಕೇಳಿದಾಗಲೆಲ್ಲ ಅದು ನಾನು ಮಾಡಿದ ಉಪಕಾರದ ಕಥೆಯಾಗಿರುತ್ತಿತ್ತು. ಈಗ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮಾವ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದ ಕಾಲದಲ್ಲಿ ಡ್ಯೂಟಿ ಮುಗಿಸಿ ಬಂದು ಕ್ವಾರ್ಟರ್ಸಿನ ಹಿತ್ತಲ ಶೆಡ್ಡಿನಲ್ಲಿ ಕೂರುತ್ತಿದ್ದರು. ಗುಜರಿಗೆ ಹೋಗಬೇಕಿದ್ದ ಮೀಟರು, ಕಾಯಿಲು, ವಾಲ್ವುಗಳನ್ನೆಲ್ಲ ಜೋಡಿಸಿ ಆ ತೇಗದ ಪೆಟ್ಟಿಗೆ ಕಟ್ಟಿದರು. ಕರೆಂಟಿನಿಂದಲೇ ಸ್ವರ ಹುಟ್ಟಿಸಿ ಬಾರಿಸುವ ಪೆಟ್ಟಿಗೆ. ಪುಣೆಯಿಂದ, ಕಲ್ಕತ್ತದಿಂದ ಜನ ಬಂದು ಅವರನ್ನು ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಮದುವೆಯಾದಾಗಿನಿಂದ ನಾನು ಒಂದಕ್ಕೂ ಹೋದವನಲ್ಲ. ತಂತಿ ಇಲ್ಲ, ಚರ್ಮ ಇಲ್ಲ, ಹಾಡುವವರಿಲ್ಲ, ಅದೆಂಥ ಸಂಗೀತ ಅಂತ ನಿನ್ನ ಮುಂದೆಯೇ ಆಡಿಕೊಳ್ಳುತ್ತಿದ್ದೆ. ನಿಮ್ಮಪ್ಪನ ಪೆಟ್ಟಿಗೆಗೆ ಸರಿಯಾಗಿ ಅರ್ಥಿಂಗ್ ಕೊಟ್ಟರೆ ಆ ಗುಂಯ್ ಅನ್ನುವ ಸಂಗೀತವೆಲ್ಲ ನಿಂತುಹೋಗುತ್ತೆ ಅಂತ ನಗುತ್ತಿದ್ದೆ.

ನನ್ನ ಕಸುಬೇ ಅಂಥದ್ದು. ಮೈಕ್ ಸೆಟ್ಟಿನವನಿಗೆ ಹಮ್ಮಿಂಗ್ ಅಂದರೆ ಮರ್ಯಾದೆ ಕಳೆಯುವ ಶತ್ರು. ಮದುವೆ ಮನೆಯಲ್ಲಿ, ರಾಜಕೀಯದವರ ಸಭೆಯಲ್ಲಿ, ಬಾಕ್ಸಿನಿಂದ ಗುಂಯ್ ಅಂತ ಒಂದು ಸದ್ದು ಬಂದರೆ ಜನ ತಿರುಗಿ ನಮ್ಮನ್ನೇ ನೋಡುತ್ತಾರೆ. ಮದ್ದೂರಿನಿಂದ ಕೊಪ್ಪದವರೆಗೂ ಗುಂಯ್‌ಗುಡದ ಸೆಟ್ಟು ಅಂದರೆ ಕೆಂಪರಾಜುವಿನದು ಅನ್ನುತ್ತಿದ್ದರು. ವ್ಯಾನಿನ ಹಿಂದೆ ‘ಗುಂಯ್‌ಗುಡದ ಶುದ್ಧ ಧ್ವನಿ’ ಅಂತ ಕೆಂಪಕ್ಷರದಲ್ಲಿ ಬರೆಸಿದ್ದೆ, ನಿನಗೆ ಗೊತ್ತಲ್ಲ.

ಅಂಥವನ ಕೈಗೆ ಮಾವ ತಮ್ಮ ಹದಿನೇಳು ಟೇಪು ರೀಲು ಕೊಟ್ಟರು. ಶೆಡ್ಡಿನಲ್ಲಿ ಅವರು ಬಾರಿಸಿ ತುಂಬಿಸಿಟ್ಟದ್ದೆಲ್ಲ ಅದರಲ್ಲೇ ಇತ್ತು. ಬೂಸಲು ಹಿಡೀತಾ ಅವೆ ಕಣಪ್ಪ, ಕಂಪ್ಯೂಟರಿಗೆ ಇಳಿಸಿಕೊಡು ಅಂದರು. ನಾನು ಒಂದು ತಿಂಗಳು ಕೂತು ಇಳಿಸಿದೆ. ಹಾಕಿದರೆ ಮೊದಲಿಂದ ಕೊನೆಯವರೆಗೂ ಗುಂಯ್. ಅಯ್ಯೋ ಪಾಪ, ಹಳೇ ಟೇಪು, ಹಮ್ಮಿಂಗ್ ಸೇರಿಕೊಂಡಿದೆ ಅಂತ ಸಾಫ್ಟ್‌ವೇರು ಹಾಕಿ ಒಂದೊಂದೇ ರೀಲಿನ ಹಮ್ಮಿಂಗ್ ಪೂರ್ತಿ ತೆಗೆದೆ. ತೆಗೆದ ಮೇಲೆ ಉಳಿದದ್ದನ್ನೇ ಪೆನ್‌ಡ್ರೈವಿಗೆ ಹಾಕಿದೆ. ಬೂಸಲು ಹಿಡಿದ ರೀಲುಗಳನ್ನು ಮನೆಯಲ್ಲಿ ಯಾಕೆ ಅಂತ ಗುಜರಿಯವನಿಗೆ ಕೊಟ್ಟೆ. ಮಾವನ ಮೇಲಿನ ಪ್ರೀತಿಯಿಂದಲೇ ಮಾಡಿದೆ ಮಂಜು.

ಸಂಕ್ರಾಂತಿಯ ದಿನ ಎಲ್ಲರ ಮುಂದೆ ನಾನೇ ಬಾಕ್ಸು ಇಟ್ಟು ಹಾಕಿದೆನಲ್ಲ. ಒಂದು ಟಿಕ್, ಅರ್ಧ ನಿಮಿಷ ಏನೂ ಇಲ್ಲ, ಮತ್ತೊಂದು ಟಿಕ್. ಎಷ್ಟು ಶುದ್ಧವಾಗಿದೆ ನೋಡಿ ಮಾವ ಅಂದೆ. ಅವರು ಪೂರ್ತಿ ಒಂದು ರೀಲು ಕೇಳಿದರು. ಆಮೇಲೆ, ಭಾಳ ಚೆನ್ನಾಗಿ ಗುಡ್ಸಿದ್ದೀಯ ಕಣಪ್ಪ, ಮನೇಲಿ ಏನೂ ಉಳ್ದಿಲ್ಲ, ಅಂದರು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ. ಅವರು ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಸೀರೆ ಹೊದಿಸಿದ್ದನ್ನು ನೀನು ನೋಡಿದೆ. ಆ ಸೀರೆಯನ್ನು ಅವರು ಆಮೇಲೆ ಎರಡು ವರ್ಷ ತೆಗೆಯಲಿಲ್ಲ.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಅದನ್ನು ಬರೆಯದೆ ಕಳಿಸಿದರೆ ಈ ಕಾಗದವೂ ಆ ಪೆನ್‌ಡ್ರೈವಿನಂತೆಯೇ ಆಗುತ್ತದೆ.

ರೀಲುಗಳನ್ನು ಕ್ಲೀನ್ ಮಾಡುವಾಗ ಹಮ್ಮಿಂಗಿನ ಹಿಂದೆ ಒಂದು ಹೆಣ್ಣು ದನಿ ಕೇಳಿತ್ತು. ಒಂದರಲ್ಲಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ. ಶೆಡ್ಡಿನ ಕಿಟಕಿ ತೆರೆದಿರುತ್ತಿತ್ತಲ್ಲ, ಅಡುಗೆಮನೆ ಬಾಗಿಲಿನಿಂದ ಕೂಗುವುದು ಒಳಗೆ ಬಂದಿತ್ತು. ‘ಬಂದ್ರಾ... ಮುದ್ದೆ ಆರೋಯ್ತದೇ...’ ಅಂತ. ಅದು ನಿಮ್ಮಮ್ಮ ಅಂತ ನನಗೆ ಕೂಡಲೇ ಗೊತ್ತಾಯಿತು. ಮಾಯಮ್ಮತ್ತೆ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು. ಗೊತ್ತಾಗಿಯೂ ತೆಗೆದೆ. ಕಚೇರಿಯ ನಡುವೆ ಊಟಕ್ಕೆ ಕರೆಯುವುದು ಯಾರಿಗೆ ಬೇಕು, ಹೊರಗಿನವರು ಕೇಳಿದರೆ ನಗುತ್ತಾರೆ ಅಂತ ತೆಗೆದೆ. ಇದನ್ನು ನಿನಗೆ ಹೇಳಲು ಎರಡು ವರ್ಷ ನನ್ನಲ್ಲಿ ಧೈರ್ಯವಿರಲಿಲ್ಲ. ಇದಕ್ಕಾಗಿ ನೀನು ಇನ್ನೆರಡು ವರ್ಷ ಅಲ್ಲೇ ಇರುತ್ತೇನೆ ಅಂದರೂ ನಾನು ಬಾಯಿ ತೆರೆಯುವ ಹಾಗಿಲ್ಲ.

ಈಗ ಶನಿವಾರಕ್ಕೆ ಬರುತ್ತೇನೆ.

ಆರು ಗಂಟೆಗೆ ಅಂತ ಹೇಳಿ ಆರೂಮುಕ್ಕಾಲಿನವರೆಗೆ ಭಾಷಣ ಮಾಡಿದರು. ನಿರೂಪಣೆ ಮಾಡಿದ ಹುಡುಗಿ, ಐವತ್ತು ವರ್ಷದಿಂದ ವಿದ್ಯುನ್ಮಾನ ಸಂಗೀತ ನುಡಿಸುತ್ತಿರುವ ಹಿರಿಯರು ಮರಿಸಿದ್ದಯ್ಯನವರು ಅಂದಾಗ, ಮೊದಲ ಎರಡು ಸಾಲಿನಲ್ಲಿ ಕೂತಿದ್ದ ಬಿಳಿ ಶರಟಿನ ಮುದುಕರು ಜೋರಾಗಿ ಚಪ್ಪಾಳೆ ತಟ್ಟಿದರು. ಯಾರು ಅಂತ ನೋಡಿದರೆ ಎಲ್ಲ ಮಾವನ ಜೊತೆ ಪವರ್ ಹೌಸಿನಲ್ಲಿದ್ದು ರಿಟೈರಾದವರು. ಬ್ಲಫ್‌ನಿಂದ ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು.

ಮಾವ ಬಂದರು. ಪಂಚೆ, ಇಸ್ತ್ರಿ ಮಾಡಿದ ಅಂಗಿ. ಪೆಟ್ಟಿಗೆಯ ಮೇಲೆ ಅತ್ತೆಯ ಹಸಿರು ಸೀರೆ ಇತ್ತು. ಅದನ್ನು ಕಿತ್ತು ಪಕ್ಕಕ್ಕೆ ಹಾಕಲಿಲ್ಲ, ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಕಿವಿಯ ಮಿಷಿನ್ನು ಬಿಚ್ಚಿ ನಿನ್ನ ಕೈಗೆ ಕೊಟ್ಟರು. ಎಪ್ಪತ್ತೇಳು ವರ್ಷದವರು, ಕಿವಿ ಇಲ್ಲದೆ ಹೇಗೆ ಬಾರಿಸುತ್ತಾರೆ? ಅವರು ಪಕ್ಕದ ಬೇಸ್ ಬಾಕ್ಸಿನ ಮೇಲೆ ಎಡಗೈ ಅಂಗೈ ಊರಿದರು. ಹಸುವಿನ ಹೊಟ್ಟೆ ಮುಟ್ಟಿ ಕರು ಅಲುಗಾಡುತ್ತಾ ಅಂತ ನೋಡುತ್ತಾರಲ್ಲ, ಹಾಗೆ. ಬಲಗೈಯಿಂದ ಒಂದು ಗುಂಡಿ ತಿರುಗಿಸಿದರು.

ಗುಂಯ್ ಅಂತ ಶುರುವಾಯಿತು.

ಬೋರ್ಡಿನ ಮುಂದೆ ಕೂತಿದ್ದವನ ಕೈ ತಕ್ಷಣ ಗುಂಡಿಗೆ ಹೋಯಿತು. ಮೈಕ್ ಸೆಟ್ಟಿನವರ ಕೈ ತಲೆಯನ್ನು ಕೇಳುವುದಿಲ್ಲ, ಹಮ್ಮಿಂಗ್ ಅಂದ ಕೂಡಲೇ ತಾನೇ ಹೋಗುತ್ತದೆ. ಅವನು ಒಂದಿಷ್ಟು ಇಳಿಸಿಯೂ ಇಳಿಸಿದ. ಮಾವನಿಗೆ ಕಿವಿ ಕೇಳುತ್ತಿರಲಿಲ್ಲ, ಆದರೆ ಅಂಗೈಗೆ ಗೊತ್ತಾಯಿತು. ತಲೆಯೆತ್ತಿ ಸಭಾಭವನದ ಹಿಂಬದಿಗೆ, ಕತ್ತಲಿಗೆ, ಸುಮ್ಮನೆ ನೋಡಿದರು. ನೀನೂ ನೋಡಿದೆ, ನಿನ್ನ ಹುಬ್ಬು ಗಂಟಿಕ್ಕಿದ್ದು ನನಗೆ ಕಾಣಿಸಿತು. ಅವನು ಅದನ್ನು ಎಲ್ಲಿತ್ತೋ ಅಲ್ಲಿಗೆ ಏರಿಸಿ, ಆಮೇಲೆ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಮೊದಲ ಐದು ನಿಮಿಷ ಅದು ನನಗೆ ಹಮ್ಮಿಂಗೇ ಆಗಿತ್ತು. ಸುಳ್ಳು ಯಾಕೆ ಹೇಳಲಿ. ಆಮೇಲೆ ಏನಾಯಿತು ಅಂತ ನನಗೆ ಸರಿಯಾಗಿ ಬರೆಯಲು ಬರುವುದಿಲ್ಲ. ಒಂದೇ ಅಂದುಕೊಂಡ ಸದ್ದು ಎರಡಾಗಿತ್ತು. ಎರಡೂ ಒಂದನ್ನೊಂದು ಒರಸಿಕೊಂಡು ಹೋಗುವಾಗ ನಡುವೆ ಮೂರನೆಯದೊಂದು ಮೆಲ್ಲಗೆ ತೂಗುತ್ತಿತ್ತು. ಅವರು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ತೂಗುವಿಕೆ ನಿಧಾನವಾಗುತ್ತಿತ್ತು, ಇನ್ನೊಂದು ಕೂದಲೆಳೆ ತಿರುಗಿಸಿದರೆ ಅಷ್ಟು ದೊಡ್ಡ ಸಭಾಭವನವೇ ಉಸಿರಾಡಿದ ಹಾಗೆ ಆಗುತ್ತಿತ್ತು. ಕೆಳಗಿನಿಂದ ನೀರು ಬಂತು. ನಿಜವಾದ ನೀರಲ್ಲ, ದೊಡ್ಡ ಪೈಪಿನೊಳಗೆ ಇಳಿಯುವ ನೀರಿನ ಭಾರ ಬಂತು. ನನ್ನ ಕುರ್ಚಿಯ ಕಾಲಿನಿಂದ ಹತ್ತಿ ಬೆನ್ನಿಗೆ ಬಂತು. ಇಪ್ಪತ್ತೆರಡು ವರ್ಷದಿಂದ ಬಾಕ್ಸು ಹೊತ್ತು, ವೈರು ಎಳೆದು ಬದುಕಿದವನು ನಾನು. ಆ ವೈರಿನೊಳಗೆ ಇಷ್ಟೆಲ್ಲ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರು, ಮನೆಯಲ್ಲೇ ಹೇಳಿದ್ದರು, ನಾನು ಕೇಳಿರಲಿಲ್ಲ.

ಸದ್ದು ಏರುತ್ತಾ ಹೋಯಿತು. ಮುಂದಿನ ಸಾಲಿನ ಒಬ್ಬ ಮುದುಕರು ಪಕ್ಕದವರ ತೊಡೆ ತಟ್ಟಿ, ಲೇ, ಮೂರ್ನೇ ಮಿಷಿನ್ನು ಕಣ್ಲಾ ಅದು, ಅಂದರಂತೆ. ಅವರು, ಊ ಕಣ್ಲಾ, ಬೇರಿಂಗು ಸವ್ದಿದ್ದು ನೋಡು, ಅದೂ ಕೇಳ್ತಾದೆ, ಅಂದರಂತೆ. ಮುಗಿದ ಮೇಲೆ ಹೊರಗೆ ಟೀ ಕುಡಿಯುವಾಗ ಅವರೇ ಇದನ್ನು ಹೇಳಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದರು. ಪವರ್ ಹೌಸಿನ ಆ ಮಿಷಿನ್ನನ್ನು ಬಿಚ್ಚಿ ಹಾಕಿ ಎಷ್ಟೋ ವರ್ಷವಾಯಿತಂತೆ. ಇನ್ನು ಅದರ ಸದ್ದು ಇರುವುದು ಮಾವನ ಕೈಯಲ್ಲಿ ಮಾತ್ರ.

ಆಮೇಲೆ ಅದು ನಡೆಯಿತು. ನೀನು ಹತ್ತಿರದಿಂದ ನೋಡಿದ್ದೀಯ, ನಾನು ದೂರದಿಂದ ನೋಡಿದ್ದನ್ನು ಬರೆಯುತ್ತೇನೆ. ಸದ್ದು ಪೂರ್ತಿ ಏರಿ, ಇನ್ನು ಬಾಕ್ಸು ತಡೆಯುವುದಿಲ್ಲ ಅನ್ನುವಾಗ, ಮಾವ ಒಂದು ಸ್ವಿಚ್ಚು ಒತ್ತಿ ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿದರು. ನಿಲ್ಲಿಸಿದ್ದೇ ತಡ, ಮುಂದಿನ ಎರಡು ಸಾಲಿನ ಮುದುಕರೆಲ್ಲ ದಡಕ್ಕನೆ ಎದ್ದು ನಿಂತರು. ಮಂಡಿ ನೋವಿನವರು, ಕೋಲು ಹಿಡಿದವರು, ಎಲ್ಲರೂ. ಚಪ್ಪಾಳೆಗಲ್ಲ. ಪವರ್ ಹೌಸಿನಲ್ಲಿ ಸದ್ದು ನಿಂತಿತು ಅಂದರೆ ಮಿಷಿನ್ನು ನಿಂತಿತು ಅಂತ, ಓಡಬೇಕು ಅಂತ. ಕೆಲಸ ಬಿಟ್ಟು ಹದಿನೈದು ಇಪ್ಪತ್ತು ವರ್ಷವಾದರೂ ಕಾಲು ಮರೆತಿರಲಿಲ್ಲ. ಎದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಾಚಿಕೊಂಡರು, ಆದರೆ ಯಾರೂ ಕೂರಲಿಲ್ಲ. ಅವರನ್ನು ನೋಡಿ ಹಿಂದಿನವರೂ ಎದ್ದರು. ನಾನೂ ಎದ್ದೆ.

ಎಲ್ಲರೂ ನಿಂತಿರುವಾಗ, ಪೆಟ್ಟಿಗೆಯಿಂದ ತೆಳ್ಳಗೆ ಒಂದು ಸ್ವರ ಬಂತು. ಮೇಲಿಂದ ಶುರುವಾಗಿ, ನಡುವೆ ಇಳಿದು, ಕೊನೆಗೆ ಸ್ವಲ್ಪ ಸಿಟ್ಟಿನಲ್ಲಿ ಏರಿ ಎಳೆದುಕೊಂಡು ನಿಂತಿತು. ಮಾತಿಲ್ಲ, ಬರೀ ಸ್ವರ. ಎರಡನೇ ಸಲ ಬಂದಾಗ ನನಗೆ ಗೊತ್ತಾಯಿತು. ‘ಬಂದ್ರಾ... ಮುದ್ದೆ ಆರೋಯ್ತದೇ.’ ಹೊಸ ಅಳಿಯ ಅಂತ ನಾನು ಬಂದಾಗಲೂ ಹಿತ್ತಲಿಗೆ ಹಾಗೆಯೇ ಕೂಗಿ ಕರೆದಿದ್ದರಲ್ಲ, ಅದೇ ಏರು, ಅದೇ ಇಳಿತ, ಕೊನೆಗೆ ಅದೇ ಗದರಿಕೆ.

ನಾನು ಹದಿನೇಳು ರೀಲಿನಿಂದ ಗುಡಿಸಿ ಹಾಕಿದ್ದನ್ನು ಅವರು ನೆನಪಿನಿಂದ, ಗುಂಡಿ ತಿರುಗಿಸಿ ತಿರುಗಿಸಿ, ಕಿವಿಯೂ ಇಲ್ಲದೆ, ಅಂಗೈಯಲ್ಲಿ ಮುಟ್ಟಿ ನೋಡಿಕೊಂಡು ಮತ್ತೆ ಕಟ್ಟಿದ್ದರು. ಮೂರನೇ ಸಲ ಅದು ಬಂದಾಗ ಕೆಳಗಿನ ಗುಂಯ್ ಮೆಲ್ಲಗೆ ಎದ್ದು ಬಂದು ಆ ಸ್ವರವನ್ನು ಸೇರಿಕೊಂಡಿತು. ಶೆಡ್ಡಿನಿಂದ ಎದ್ದು ಊಟಕ್ಕೆ ಹೋಗುತ್ತಾರಲ್ಲ, ಹಾಗೆ. ನಾನು ಅತ್ತುಬಿಟ್ಟೆ ಮಂಜು. ನಮ್ಮಪ್ಪ ಸತ್ತಾಗಲೂ ಹಾಗೆ ಅತ್ತವನಲ್ಲ ನಾನು.

ಚಪ್ಪಾಳೆ ಎಷ್ಟು ಹೊತ್ತು ಇತ್ತು ಅಂತ ನಿನಗೇ ಗೊತ್ತು. ಮಾವ ಕೈ ಮುಗಿಯಲೂ ಇಲ್ಲ. ಅಂಗೈಯನ್ನು ಬಾಕ್ಸಿನ ಮೇಲೇ ಇಟ್ಟುಕೊಂಡು ಚಪ್ಪಾಳೆಯನ್ನೂ ಅಲ್ಲೇ ಕೇಳಿಸಿಕೊಂಡರು. ಆಮೇಲೆ ಸೀರೆ ಬಿಡಿಸಿ ಪೆಟ್ಟಿಗೆಗೆ ಹೊದಿಸಿದರು. ಅಂಚು ಸರಿ ಮಾಡಲು ನೀನು ಬಗ್ಗಿದೆ.

ಸಭಾಭವನ ಖಾಲಿಯಾದ ಮೇಲೆ ನೀನು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಹಿಂದಕ್ಕೆ ಬಂದು ಬೋರ್ಡಿನವನಿಗೆ ಕೊಟ್ಟಿದ್ದನ್ನೂ ನಾನು ನೋಡಿದೆ. ಭಾಳ ಉಪಕಾರ ಆಯ್ತು ಅಣ್ಣ, ನಮ್ಮಪ್ಪಂದು ಒಂದು ಸದ್ದೂ ಕೆಡಿಸ್ಲಿಲ್ಲ ನೀವು, ಅಂದೆ. ಯಾವನೋ ಅದೃಷ್ಟವಂತ.

ನಿನ್ನೆ ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ, ಥಿನ್ನರ್ ಹಚ್ಚಿ ವ್ಯಾನಿನ ಹಿಂದಿನ ಆ ಕೆಂಪಕ್ಷರ ಒರೆಸಿದ್ದು. ಬಣ್ಣ ಪೂರ್ತಿ ಹೋಗಿಲ್ಲ, ಹತ್ತಿರ ಬಂದರೆ ಇನ್ನೂ ಓದಬಹುದು. ಆ ಜಾಗದಲ್ಲಿ ಏನು ಬರೆಸಬೇಕು ಅಂತ ಹೊಳೆದಿಲ್ಲ. ಅಂಗಡಿಗೆ ಇರುವುದು ನಿನ್ನ ಹೆಸರು, ಹಾಗಾಗಿ ಅದನ್ನೂ ನೀನೇ ಹೇಳಬೇಕು.

ನನಗೆ ಬೇಕಾದ್ದು ಒಂದೇ. ನೀನು ಮನೆಗೆ ಬರಬೇಕು. ಕೇಳಿಸಿದರೆ ಬರೀರಿ ಅಂದೆ, ಬರೆದಿದ್ದೇನೆ. ಅತ್ತೆಯ ದನಿಯ ವಿಷಯ ಮುಚ್ಚಿಟ್ಟಿದ್ದರೆ ನೀನು ಬೇಗ ಬರುತ್ತಿದ್ದೆಯೇನೋ, ಗೊತ್ತಿಲ್ಲ. ಆದರೆ ಇನ್ನು ಮೇಲೆ ನಾನು ಯಾವುದನ್ನೂ ನನ್ನಷ್ಟಕ್ಕೆ ತೆಗೆದು ಹಾಕುವುದಿಲ್ಲ. ಓದಿ ಸಿಟ್ಟು ಬಂದರೆ ಸಿಟ್ಟಿನಲ್ಲೇ ಬಾ. ಮಾವನಿಗೆ ನನ್ನ ನಮಸ್ಕಾರ ಹೇಳು. ಬಾಯಲ್ಲಿ ಹೇಳಿದರೆ ಕೇಳಿಸದಿದ್ದರೆ ಅವರ ಅಂಗೈ ಹಿಡಿದು ಹೇಳು.

ಇಂತಿ,
ಗಂಟು ಮುದ್ದೆ ತಿನ್ನುತ್ತಿರುವ
ಕೆಂಪರಾಜು

ತಾ.ಕ.: ಕಾಗದವನ್ನು ಕವರಿಗೆ ಹಾಕಿ ಅಂಟಿಸಿ, ಆ ಕವರನ್ನು ಹರಿದು ಮತ್ತೆ ಹೊರಗೆ ತೆಗೆದೆ. ಏನನ್ನೂ ತೆಗೆದು ಹಾಕುವುದಿಲ್ಲ ಅಂತ ಬರೆದ ಕೈಯಲ್ಲೇ ಒಂದನ್ನು ಬಿಟ್ಟಿದ್ದೆ. ಪೇಪರಿನಲ್ಲಿ ಏನೂ ಬಂದಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಮಾವನಿಂದ ನನಗೊಂದು ಪೋಸ್ಟ್ ಕಾರ್ಡು ಬಂತು. ‘ಮೇ 17ಕ್ಕೆ ಮಂಡ್ಯದಲ್ಲಿ ಬಾರಿಸುತ್ತಿದ್ದೇನೆ. ಅಲ್ಲಿಯ ಸ್ವಾಮಿಯದೇ ಮೈಕ್ ಸೆಟ್ಟು. ಅವನಿಗೆ ಹೇಳಿದ್ದೇನೆ, ಬೋರ್ಡಿಗೆ ನೀನು ಕೂರಬೇಕು. ಕೊಳೆ ಯಾವುದು ಅಂತ ನಿನ್ನಷ್ಟು ಚೆನ್ನಾಗಿ ಗುರುತು ಹಿಡಿಯುವವನು ಈ ಜಿಲ್ಲೆಯಲ್ಲಿಲ್ಲ. ಈ ಸಲ ಅದನ್ನು ಉಳಿಸಿಕೊಡು. ಮಂಜುಗೆ ತಿಳಿಸಬೇಡ.’ ಇಷ್ಟೇ ಇತ್ತು. ಶನಿವಾರ ಆ ಕಾರ್ಡು ನನ್ನ ಜೇಬಿನಲ್ಲೇ ಇತ್ತು, ಆದರೂ ಕೈ ಗುಂಡಿಗೆ ಹೋಯಿತು. ಮಾವ ಕತ್ತಲಿಗೆ ನೋಡಿದ್ದು ನನ್ನನ್ನೇ. ನೀನು ಕಾಫಿ ತಂದಾಗ ಟೇಬಲ್ಲಿನ ಕೆಳಗೆ ಕೂತು ಕೇಬಲ್ ಸುತ್ತುತ್ತಾ, ಮುಖ ಎತ್ತದೆ, ಬರೀ ಕೈ ಆಡಿಸಿದವನೂ ನಾನೇ. ಕಾಫಿ ಕುಡಿದೆ, ಸಕ್ಕರೆ ಸರಿಯಾಗಿತ್ತು. ಉಪಕಾರ ಆಯ್ತು ಅಂದದ್ದನ್ನು ಸಾಯುವವರೆಗೂ ಇಟ್ಟುಕೊಳ್ಳುತ್ತೇನೆ. ‘ಅಣ್ಣ’ ಅಂದೆಯಲ್ಲ, ಅದೊಂದನ್ನು ಮಾತ್ರ ವಾಪಸ್ ತೆಗೆದುಕೋ.